ಹಿಂಡಿಗೊಬ್ಬ ಮುಂದಾಳು

ಇಡೀ ರಾದ್ಧಾಂತಕ್ಕೆ ಕಾರಣ ಒಂದು ಮೆಟ್ಟಿಲಿನ ಅಗಲ. ಆ ಕಟ್ಟಡವನ್ನು ಕಟ್ಟಿಸುವಾಗ ಅದರ ಮಾಲೀಕರು, ಬಾಡಿಗೆದಾರರು ಒಬ್ಬರ ಹಿಂದೆ ಒಬ್ಬರು ಶಿಸ್ತಾಗಿ ಇಳಿಯಲಿ ಎಂದೇ ಮೆಟ್ಟಿಲುಗಳನ್ನು ಕಿರಿದಾಗಿ ಮಾಡಿಸಿದ್ದರು. ಇಬ್ಬರು ಎದುರಾದರೆ ಒಬ್ಬರು ಕ್ಯಾಲೆಂಡರಿನಂತೆ ಗೋಡೆಗೆ ಅಂಟಿಕೊಳ್ಳಬೇಕು. ಅಂಟಿಕೊಳ್ಳಬೇಕಾದವರು ಯಾರು ಎಂಬ ಬಗ್ಗೆ ಮಾಲೀಕರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವರು ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ನಿವೃತ್ತಿ ಸಿಕ್ಕಿದ್ದು ಶಾಲೆಯಿಂದ ಮಾತ್ರ, ಡ್ರಿಲ್ಲಿನಿಂದಲ್ಲ.

ಆದರೆ ದೊರೆಗೆ ಈ ಯಾವ ವಿಷಯವೂ ಗೊತ್ತಿರಲಿಲ್ಲ. ದೊರೆ ಎಂಬುದು ನಾಯಿಯ ಹೆಸರು. ನಡು ಅಂತಸ್ತಿನ ಪಿಸುಮಾಮನ ನಾಯಿ. ಹಸಿ ಇಟ್ಟಿಗೆಯ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಕಿವಿ ಸದಾ ಯಾವುದೋ ಚಿಂತೆಯಲ್ಲಿ ಬಾಗಿದ್ದು. ಆ ಬೆಳಿಗ್ಗೆ ಅದು ಬಾಗಿಲು ತೆರೆದದ್ದೇ ತಡ, ಬಿಲ್ಲಿನಿಂದ ಬಿಟ್ಟ ಬಾಣವಾಗಿ ಕೆಳಗೆ ಹಾರಿತು. ಹಗ್ಗದ ಇನ್ನೊಂದು ತುದಿಯಲ್ಲಿ ಪಿಸುಮಾಮ ಬಾಣದ ಗರಿಯಂತೆ ಹಿಂಬಾಲಿಸಿದರು. ಎದುರಿನಿಂದ ಮೇಷ್ಟ್ರು ಮೇಲೆ ಬರುತ್ತಿದ್ದರು. ದೊರೆ ಅವರ ಎರಡು ಕಾಲುಗಳ ನಡುವೆ ನುಸುಳಿತು, ಹಗ್ಗ ಇಬ್ಬರಿಗೂ ಒಂದು ಸುತ್ತು ಬಂತು, ಮತ್ತು ಅಷ್ಟು ವರ್ಷ ಒಬ್ಬರಿಗೊಬ್ಬರು ತಲೆಯಾಡಿಸುವುದಕ್ಕಿಂತ ಹೆಚ್ಚೇನನ್ನೂ ಮಾಡದಿದ್ದ ಆ ಇಬ್ಬರು ಸಂಭಾವಿತರು ಸಂತೆಯಲ್ಲಿ ಕಳೆದುಹೋಗಿ ಸಿಕ್ಕ ಅಣ್ಣತಮ್ಮಂದಿರಂತೆ ಗಾಢವಾಗಿ ಅಪ್ಪಿಕೊಂಡು ಅಂಗಳದವರೆಗೂ ಇಳಿದರು.

ಮೇಷ್ಟ್ರು ಎದ್ದು, ಕೊರಳಲ್ಲಿ ನೇತಾಡುವ ಹಿತ್ತಾಳೆಯ ಸೀಟಿ ನೆಗ್ಗಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಮಾತಾಡಿದರು.

"ಪ್ರಾಂಪ್ಟರ್ರೇ, ಒಂದು ಕೇಳ್ತೀನಿ. ನೀವು ನಾಯೀನ ಕರ್ಕೊಂಡು ಹೋಗ್ತಿದ್ರೋ, ನಾಯಿ ನಿಮ್ಮನ್ನ ಕರ್ಕೊಂಡು ಹೋಗ್ತಿತ್ತೋ?"

"ಇಬ್ರೂ ಜೊತೇಲಿ ಹೊರಟಿದ್ವಿ ಮೇಷ್ಟ್ರೇ."

"ಏನಂದ್ರಿ? ಕೇಳಿಸ್ಲಿಲ್ಲ."

ಕೇಳಿಸದಿರುವುದು ಸಹಜವೇ. ಪಿಸುಮಾಮ ನಾಟಕದ ಕಂಪನಿಯೊಂದರಲ್ಲಿ ಪ್ರಾಂಪ್ಟರ್. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ನಟರಿಗೆ ಮಾತ್ರ ಕೇಳುವಂತೆ, ಪ್ರೇಕ್ಷಕರಿಗೆ ಕೇಳದಂತೆ, ಮುಂದಿನ ಸಾಲನ್ನು ಎತ್ತಿಕೊಡುವುದು ಅವರ ವೃತ್ತಿ. ಆ ಪಿಸುದನಿಯೇ ವರ್ಷಗಳು ಕಳೆದಂತೆ ಅವರ ಸ್ವಂತ ದನಿಯಾಗಿಬಿಟ್ಟಿತ್ತು. ಅಂಗಡಿಯಲ್ಲಿ ಸೋಪು ಕೇಳಿದರೂ ಅಂಗಡಿಯವನು ಕೌಂಟರಿನ ಮೇಲೆ ಬಾಗಿ, ಏನೋ ಗುಟ್ಟಿನ ಸರಕು ಕೇಳುತ್ತಿದ್ದಾರೆಂದು ಅತ್ತಿತ್ತ ನೋಡುತ್ತಿದ್ದ.

"ಜೊತೇಲಿ ಅಂದೆ," ಎಂದು ಪಿಸುಮಾಮ ಕೊರಳು ಹಿಗ್ಗಿಸಿದರು.

"ಜೊತೇಲಿ ಅನ್ನೋದೇ ಪ್ರಪಂಚದಲ್ಲಿಲ್ಲ. ಒಬ್ಬ ಮುಂದೆ, ಮಿಕ್ಕವರು ಹಿಂದೆ. ನಾಯಿ ಅಂದ್ರೆ ಏನು? ಸ್ನಾನ ಮಾಡಿಸಿದ ತೋಳ. ಅದರ ಲೆಕ್ಕದಲ್ಲಿ ನಿಮ್ಮ ಮನೆ ಒಂದು ಹಿಂಡು. ನೀವು ಮುಂದಾಳು ಆಗ್ಲಿಲ್ಲ ಅಂದ್ರೆ ಅದು ಆಗತ್ತೆ. ಇವತ್ತು ನಿಮ್ಮ ಮನೆ, ನಾಳೆ ನನ್ನ ಕಟ್ಟಡ."

ಕೆಳಮನೆಯ ದರ್ಜಿ ಕೊರಳಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದ. ಕಟ್ಟಡದಲ್ಲಿ ಸೂಜಿ ಬಿದ್ದರೂ ಅವನಿಗೆ ಕೇಳುತ್ತಿತ್ತು. ಅದು ಅವನ ಸೂಜಿಯಲ್ಲದಿದ್ದರೂ ಸರಿ.

"ಮೇಷ್ಟ್ರು ಹೇಳೋದು ನಿಜ ಪಿಸುಮಾಮ. ನಿಮ್ಮ ಎದೆ ಅಳತೆ ನಂಗೊತ್ತಿದೆ. ಮುಂದಾಳಿನ ಎದೆ ಅಲ್ಲ ಅದು. ಒಳಗೆ ಸ್ವಲ್ಪ ಹತ್ತಿ ಇಟ್ಟು ಹೊಲಿದುಕೊಡ್ಲಾ?"

"ಹತ್ತಿ ಬೇಡ, ಪರೀಕ್ಷೆ ಬೇಕು," ಎಂದರು ಮೇಷ್ಟ್ರು. "ಸಂಜೆ ಎಲ್ಲರ ಎದುರಿಗೆ ಇದೇ ಅಂಗಳದಲ್ಲಿ ನಿಂತು, 'ಕೂತ್ಕೋ' ಅಂತ ಒಂದು ಮಾತು ಹೇಳಿ. ಕೂತ್ರೆ ನಾಯಿ ಇರಲಿ. ಕೂರ್ಲಿಲ್ಲ ಅಂದ್ರೆ ಅದಕ್ಕೆ ಬೇರೆ ಮನೆ ನೋಡಿ. ಅಲ್ಲೀವರೆಗೂ ಅದನ್ನ ಒಂಟಿಯಾಗಿ ಇಲ್ಲಿ ಬಿಟ್ಟು ಹೋಗೋ ಹಾಗಿಲ್ಲ."

ಹೀಗೆಂದು, ಪರೋಪಕಾರಿಯಾದ್ದರಿಂದ, ಮುಂದಾಳಾಗುವ ಬಗೆಯನ್ನೂ ತಿಳಿಸಿಕೊಟ್ಟರು. ನಾಯಿಗಿಂತ ಮುಂಚೆ ತಾನು ಉಣ್ಣಬೇಕು. ಬಾಗಿಲನ್ನು ಮೊದಲು ತಾನು ದಾಟಬೇಕು. ದನಿ ಗಂಟಲಿನಿಂದ ಬರಬಾರದು, ಹೊಟ್ಟೆಯ ತಳದಿಂದ ಬರಬೇಕು.

ಪಿಸುಮಾಮ ದೊರೆಯ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಮೆಟ್ಟಿಲು ಹತ್ತಿದರು. ಪ್ರಾಂಪ್ಟರನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವನ ಕೆಲಸ ಚೆನ್ನಾಗಿ ನಡೆದ ದಿನ ಅವನೊಬ್ಬನಿದ್ದನೆಂಬುದೇ ಯಾರಿಗೂ ತಿಳಿದಿರುವುದಿಲ್ಲ. ಬದುಕಿನುದ್ದಕ್ಕೂ ಇತರರ ಚಪ್ಪಾಳೆಯನ್ನು ಪರದೆಯ ಹಿಂದಿನಿಂದ ಕೇಳಿದವರಿಗೆ, ಮನೆಯ ಬಾಗಿಲು ತೆರೆದೊಡನೆ ನೆಲಕ್ಕೆ ಪಟಪಟನೆ ಬಡಿಯುವ ಆ ಬಾಲದ ಸದ್ದೊಂದೇ ತಮಗೆಂದೇ ಬಂದ ಚಪ್ಪಾಳೆ. ಅದು ನಿಂತುಹೋದ ಮನೆಯನ್ನು ಅವರು ಒಂದು ಕ್ಷಣ ಊಹಿಸಿಕೊಂಡರು. ಆ ಊಹೆಯಲ್ಲಿ ಗಡಿಯಾರದ ಸದ್ದು ಬಹಳ ದೊಡ್ಡದಾಗಿತ್ತು.

"ಇವತ್ತು ನಾನು ಮೊದಲು ತಿಂತೀನಿ," ಎಂದು ಅವರು ಅಡುಗೆಮನೆಯಲ್ಲಿ ಘೋಷಿಸಿದರು.

ಅಂಚೆ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿದ್ದ ಹೆಂಡತಿ ತಿರುಗಿ ನೋಡಿದರು. "ದಿನಾ ಯಾರು ಮೊದಲು ತಿಂತಿದ್ರು ರೀ?"

ನಿಜ ಹೇಳಬೇಕೆಂದರೆ ದಿನವೂ ಮೊದಲು ತಿನ್ನುತ್ತಿದ್ದದ್ದು ದೊರೆಯೇ. ಪಿಸುಮಾಮ ಬ್ರೆಡ್ಡು ಮೊಟ್ಟೆಯ ತಟ್ಟೆ ಮುಂದಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು. ದೊರೆ ಎದುರಿಗೆ ಕೂತು, ಮೌಖಿಕ ಪರೀಕ್ಷೆ ತೆಗೆದುಕೊಳ್ಳುವ ಪ್ರೊಫೆಸರನ ತಾಳ್ಮೆಯಿಂದ ಅವರ ಪ್ರತಿ ತುತ್ತನ್ನೂ ತಟ್ಟೆಯಿಂದ ಬಾಯಿಯವರೆಗೆ ಬೀಳ್ಕೊಟ್ಟಿತು. ಎರಡನೆಯ ತುತ್ತು ಗಂಟಲಲ್ಲಿ ನಿಂತಿತು. ಮೂರನೆಯದು ಕೈಯಲ್ಲಿ ನಿಂತಿತು. ನಾಲ್ಕನೆಯದು ಎಲ್ಲಿ ಹೋಯಿತೆಂದು ದೊರೆಗೆ ಗೊತ್ತು.

"ಹಿಂಡಿನ ನಾಯಕರೇ," ಎಂದರು ಹೆಂಡತಿ, ವಿಷಯವೆಲ್ಲ ಕೇಳಿಯಾದ ಮೇಲೆ, "ತಿಂದಾದ್ರೆ ತಟ್ಟೆ ತೊಳೆದಿಡಿ."

ಅಷ್ಟರಲ್ಲಿ ನಾದಿನಿ ಬಂದಳು. ಅವಳು ಪಶುವೈದ್ಯೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ದೊರೆಯ ಉಣ್ಣೆಹುಳದ ಪುಡಿ ಕೊಡಲು ಬಂದಿದ್ದಳು. ಮುಂದಾಳಿನ ಸಿದ್ಧಾಂತ ಕೇಳಿ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಭಾವ, ಆ ತೋಳದ ಕತೆ ಹಳೇದಾಯ್ತು. ಕಾಡಲ್ಲಿ ತೋಳದ ಹಿಂಡು ಅಂದ್ರೆ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಯಾರೂ ಸೀಟಿ ಊದಲ್ಲ. ಅದೂ ಅಲ್ದೆ ಇದು ತೋಳ ಅಲ್ಲ, ನಾಯಿ. ಏನು ಮಾಡಿದ್ರೆ ಏನು ಸಿಗತ್ತೆ ಅಂತ ಅದಕ್ಕೆ ಗೊತ್ತಾದ್ರೆ ಸಾಕು. ಒಳ್ಳೇದು ಮಾಡಿದಾಗ ಒಂದು ಚೂರು ತಿಂಡಿ ಕೊಡಿ, ಮೆಚ್ಕೊಳ್ಳಿ. ಅದೂ ನಮ್ಮ ಹಾಗೇನೇ."

"ನಮ್ಮ ಹಾಗೆ ಅಂತೀಯಲ್ಲ, ನಿನ್ನ ಭಾವ ನನ್ನ ಮೆಚ್ಕೊಂಡಿದ್ದು ಯಾವಾಗ ಅಂತ ಕೇಳು," ಎಂದರು ಅಕ್ಕ.

"ಹೀಗೆ ಕಲಿಸೋಕೆ ಎಷ್ಟು ಹೊತ್ತು ಬೇಕು?" ಪಿಸುಮಾಮ ಕೇಳಿದರು.

"ತಾಳ್ಮೆ ಇದ್ರೆ ಕೆಲವು ವಾರ."

"ನಂಗೆ ಸಂಜೆ ಒಳಗೆ ಆಗ್ಬೇಕು."

"ಹಾಗಾದ್ರೆ ನಿಮಗೆ ಡಾಕ್ಟರ್ ಬೇಡ ಭಾವ, ಪವಾಡ ಬೇಕು. ಸಂಜೆ ಬರ್ತೀನಿ, ನೋಡೋಕೆ."

ವಿಜ್ಞಾನ ನಿಧಾನ, ಮೇಷ್ಟ್ರು ವೇಗ. ಪಿಸುಮಾಮ ಮೇಷ್ಟ್ರನ್ನೇ ಆರಿಸಿಕೊಂಡರು. ಬಾಗಿಲನ್ನು ಮೊದಲು ದಾಟುವ ಪಾಠಕ್ಕಾಗಿ ದೊರೆಗಿಂತ ಮುಂಚೆ ಹೊರಗೆ ಹಾರಿದರು. ಬಾಗಿಲು ತಾನಾಗಿ ಮುಚ್ಚಿಕೊಂಡು ಬೀಗ ಬಿತ್ತು. ಮುಂದಾಳು ಹೊರಗೆ, ಹಿಂಡು ಒಳಗೆ, ಬೀಗದ ಕೈ ಒಳಗಿನ ಮೊಳೆಗೆ. ಅಂಚೆ ಕಚೇರಿಗೆ ಹೋಗಿ ಹೆಂಡತಿಯ ಬಳಿಯಿದ್ದ ಇನ್ನೊಂದು ಬೀಗದ ಕೈ ತಂದು ಬಾಗಿಲು ತೆರೆಯುವಷ್ಟರಲ್ಲಿ ಮಧ್ಯಾಹ್ನದ ಆಟಕ್ಕೆ ಹೊತ್ತಾಗಿತ್ತು. ನಾಯಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ಪಿಸುಮಾಮ ಅದನ್ನು ಕರೆದುಕೊಂಡು ನಾಟಕಶಾಲೆಯ ಹಿಂಬಾಗಿಲಿನಿಂದ ಒಳಗೆ ಹೋದರು. ಯಾರು ಯಾರನ್ನು ಕರೆದುಕೊಂಡು ಹೋದರು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಆ ಕಂಪನಿಯಲ್ಲಿ ಒಂದು ರೂಢಿ ಬೆಳೆದಿತ್ತು. ನಾಟಕಗಳು ಹೆಚ್ಚು, ತಾಲೀಮು ಕಡಿಮೆ. ಮಾತು ಕಲಿಯುವ ಶ್ರಮವನ್ನು ನಟರು ಒಬ್ಬೊಬ್ಬರಾಗಿ ಬಿಟ್ಟಿದ್ದರು. ಪಕ್ಕದ ಪರದೆಯಿಂದ ಏನು ಬರುತ್ತದೋ ಅದನ್ನು ಆಡುವುದು, ಅದರಲ್ಲಿ 'ಎಡಕ್ಕೆ ಸರಿ' ಎಂದಿದ್ದರೆ ಸರಿಯುವುದು. ಕಿವಿಯಿಂದ ಕೈಕಾಲಿಗೆ ನೇರ ದಾರಿ. ನಡುವೆ ಬುದ್ಧಿಯ ಊರು ಸಿಗುತ್ತಿರಲಿಲ್ಲ. ಒಮ್ಮೆ ಪಿಸುಮಾಮನಿಗೆ ಕೆಮ್ಮು ಬಂದಾಗ ಸೇನಾಪತಿಯೂ ಕೆಮ್ಮಿದ್ದ, ಮತ್ತು ಪತ್ರಿಕೆಯ ವಿಮರ್ಶಕನೊಬ್ಬ ಆ ಕೆಮ್ಮಿನಲ್ಲಿದ್ದ ಸಾಮ್ರಾಜ್ಯದ ಬಳಲಿಕೆಯನ್ನು ಬಹಳವಾಗಿ ಹೊಗಳಿದ್ದ.

ಅಂದಿನದು ರಾಜ್ಯ ಕಳೆದುಕೊಂಡ ರಾಜನೊಬ್ಬನ ದುರಂತ. ರಾಜನ ಪಾತ್ರದ ಹಿರಿಯ ನಟರನ್ನು ರಂಗದ ಹೊರಗೂ ಎಲ್ಲರೂ ಮಹಾರಾಜರು ಎಂದೇ ಕರೆಯುತ್ತಿದ್ದರು. ಕೊನೆಯ ಅಂಕ. ಶತ್ರುಸೈನ್ಯ ಸುತ್ತುವರಿದಿದೆ. ಮಹಾರಾಜರು ಎದೆ ಸೆಟೆಸಿ ನಿಂತು, ಪಿಸುಮಾಮ ಎತ್ತಿಕೊಟ್ಟ ಮಾತನ್ನು ಗುಡುಗುತ್ತಿದ್ದಾರೆ: "ಪ್ರಾಣ ಹೋದರೂ ಈ ಮಂಡಿ ನೆಲ ಮುಟ್ಟದು."

ಆ ಗುಡುಗಿಗೆ, ಉಡುಪುಗಳ ರಾಶಿಯ ಮೇಲೆ ನಿದ್ದೆ ಹೋಗಿದ್ದ ದೊರೆ ಎಚ್ಚೆತ್ತಿತು. ಎಚ್ಚೆತ್ತು, ಕೊಕ್ಕೆಯಲ್ಲಿ ನೇತಾಡುತ್ತಿದ್ದ ರಾಣಿಯ ಕೃತಕ ಜಡೆಯನ್ನು ಕಂಡು, ಅದು ಯಾವ ಜಾತಿಯ ಪ್ರಾಣಿಯೆಂದು ತಿಳಿಯಲು ಹೊರಟಿತು. ಪಿಸುಮಾಮನಿಗೆ ಮೇಷ್ಟ್ರ ಪಾಠ ನೆನಪಾಯಿತು. ರಂಗಕ್ಕೆ ಬೆನ್ನು ಹಾಕಿ, ಹೊಟ್ಟೆಯ ತಳವನ್ನು ಹುಡುಕಿ, ಅಲ್ಲಿಂದ ದನಿ ಎತ್ತಿದರು.

"ಕೂತ್ಕೋ."

ಮಹಾರಾಜರು ಕೂತರು. ಮಂಡಿ ಮಾತ್ರವಲ್ಲ, ಚಕ್ಕಳಮಕ್ಕಳ ಹಾಕಿ ಇಡಿಯಾಗಿ ನೆಲ ಮುಟ್ಟಿದರು. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ದೊರೆ ಕೂರಲಿಲ್ಲ. ಜಡೆಯನ್ನು ಬಾಯಲ್ಲಿ ಹಿಡಿದಿತ್ತು.

"ಹಿಂದಕ್ಕೆ ಸರಿ."

ಗೆಲುವಿನ ಅಂಚಿನಲ್ಲಿದ್ದ ಶತ್ರುಸೈನ್ಯ ಒಟ್ಟಾಗಿ ಹಿಂದಕ್ಕೆ ಸರಿದು ಕೋಟೆಯ ಗೋಡೆಗೆ ಢಿಕ್ಕಿ ಹೊಡೆಯಿತು. ಗೋಡೆ ಬಟ್ಟೆಯದಾದ್ದರಿಂದ ಒಂದಿಬ್ಬರು ಆಚೆಗೆ ಹೋದರು.

"ಬಿಡು ಅದನ್ನ. ಬಾಯಿಂದ ಬಿಡು."

ಸೇನಾಪತಿ ಗೊಂದಲಕ್ಕೆ ಬಿದ್ದ. ಅವನ ಬಾಯಿಯ ಸುತ್ತಮುತ್ತ ಬಿಡುವಂಥದ್ದು ಅಂಟಿಸಿದ ಮೀಸೆಯೊಂದೇ ಇತ್ತು. ಅದನ್ನೇ ಕಿತ್ತು ಗೌರವದಿಂದ ಕೆಳಗಿಟ್ಟ.

"ಮಲಗು ಅಂದ್ರೆ ಮಲಗ್ಬೇಕು."

ಇನ್ನೂ ಒಂದು ದೀರ್ಘ ವಿಲಾಪ ಬಾಕಿಯಿದ್ದ ರಾಣಿ, ಯಾರೂ ಕೊಲ್ಲದೆಯೇ, ಅಲ್ಲೇ ಮಲಗಿದಳು. ಸಭೆ ಹುಚ್ಚುಹೊಳೆಯಂತೆ ನಗುತ್ತಿತ್ತು. ಪಿಸುಮಾಮ ಆ ನಗುವನ್ನು ಕೇಳಿ, ದುರಂತದಲ್ಲಿ ನಗುವೇಕೆ ಎಂದು ತಿರುಗಿ ನೋಡಿದರು. ಅದೇ ಕ್ಷಣ ಹಗ್ಗ ಕೈಜಾರಿತು. ಜಡೆಯ ಸಮೇತ ದೊರೆ ರಂಗಕ್ಕೆ ಓಡಿತು. ಪಿಸುಮಾಮ ಎಲ್ಲವನ್ನೂ ಮರೆತು ಜೀವಮಾನದ ಅತಿ ದೊಡ್ಡ ದನಿಯಲ್ಲಿ "ನಿಲ್ಲು" ಎಂದು ಅರಚಿದರು. ಕೂತ ರಾಜ, ಸತ್ತ ರಾಣಿ, ಮೀಸೆಯಿಲ್ಲದ ಸೇನಾಪತಿ, ಎಲ್ಲರೂ ಸಟಕ್ಕನೆ ಎದ್ದು ನಿಂತರು. ನಿಲ್ಲದೆ ಹೋದದ್ದು ದೊರೆ ಒಂದೇ. ಅದು ಖಾಲಿ ಸಿಂಹಾಸನವನ್ನೇರಿ, ಎರಡು ಸುತ್ತು ಸುತ್ತಿ, ಜಡೆಯನ್ನು ತಲೆದಿಂಬು ಮಾಡಿಕೊಂಡು ಪವಡಿಸಿತು. ಚಪ್ಪಾಳೆಯ ನಡುವೆ ಪರದೆ ಬಿತ್ತು. ಅದರೊಡನೆ ಪಿಸುಮಾಮನ ಗಂಟಲೂ ಬಿತ್ತು.

"ಇದು ದುರಂತ ನಾಟಕ ಕಣ್ರೀ," ಎಂದ ನಿರ್ದೇಶಕ, ಅಳುವ ಮುಖದಲ್ಲಿ. "ಜನ ಕಣ್ಣೊರೆಸ್ಕೊಂಡು ಹೋಗ್ಬೇಕಿತ್ತು."

"ಒರೆಸ್ಕೊಂಡೇ ಹೋದ್ರಲ್ಲ ಸಾರ್, ನಕ್ಕು ನಕ್ಕು," ಎಂದರು ಮಹಾರಾಜರು.

"ನೀವು ಯಾಕ್ರೀ ಕೂತಿದ್ದು?"

"ಪಕ್ಕದಿಂದ ಬಂತು, ಕೂತೆ. ಬರೋದನ್ನ ಮಾಡೋದು ನಮ್ಮ ಧರ್ಮ. ಯೋಚನೆ ಮಾಡೋದು ನಿಮ್ಮದು."

ನಿರ್ದೇಶಕ ಪಿಸುಮಾಮನ ಕಡೆ ತಿರುಗಿದ. "ಇನ್ನೊಂದ್ಸಲ ಈ ನಾಯಿ ಒಳಗೆ ಬಂದ್ರೆ ನೀವು ಹೊರಗೆ. ತಿಳೀತಾ?"

ಪಿಸುಮಾಮ ಉತ್ತರಿಸಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ಮನೆಯಲ್ಲಿ ಬಿಡುವಂತಿಲ್ಲ, ನಾಟಕಶಾಲೆಗೆ ತರುವಂತಿಲ್ಲ. ಸಂಜೆ ದೊರೆ ಕೂರದಿದ್ದರೆ ಅದು ಹೋಗಲೇಬೇಕು. ಮತ್ತು ಅದನ್ನು ಕೂರಿಸಬೇಕಾದ ದನಿ ಈಗ ಇಲ್ಲ.

ಕಂಪನಿಯ ಉಡುಪುಗಳನ್ನು ಹೊಲಿಯುತ್ತಿದ್ದವನು ಅದೇ ಕೆಳಮನೆಯ ದರ್ಜಿ. ರಾಣಿಯ ರವಿಕೆಗೆ ಹೊಲಿಗೆ ಹಾಕಲು ಬಂದವನು ಎಲ್ಲವನ್ನೂ ಕಂಡು, ಪಿಸುಮಾಮನಿಗಿಂತ ಮೊದಲೇ ಕಟ್ಟಡ ಸೇರಿದ್ದ. ಹಾಗಾಗಿ ಸಂಜೆ ಅಂಗಳ ತುಂಬಿತ್ತು. ಮೇಲಂತಸ್ತಿನವರು ಕುರ್ಚಿ ತಂದು ಹಾಕಿಕೊಂಡಿದ್ದರು, ಆದರೆ ಮೇಷ್ಟ್ರು ನಿಂತಿದ್ದರಿಂದ ಯಾರೂ ಕೂತಿರಲಿಲ್ಲ.

"ಸೈನ್ಯಾನೇ ಹಿಂದಕ್ಕೆ ಕಳಿಸಿಬಿಟ್ರು ಮೇಷ್ಟ್ರೇ," ದರ್ಜಿ ಹೇಳುತ್ತಿದ್ದ. "ಮಹಾರಾಜರಂಥ ಮಹಾರಾಜರು, ಕಿರೀಟ ಇಟ್ಕೊಂಡೇ ಕುಕ್ಕರಿಸಿದ್ರು. ಈ ಎದೆಯಿಂದ ಆ ದನಿ ಹೇಗೆ ಬಂತು ಅಂತ. ನನ್ನ ಪಟ್ಟಿ ಮೇಲೇ ನಂಗೆ ನಂಬಿಕೆ ಹೋಯ್ತು."

ಮೇಷ್ಟ್ರು ಬಿಳಿಯ ಕ್ಯಾನ್ವಾಸ್ ಶೂ ತೊಟ್ಟು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. "ನಾಟಕದ ರಾಜ ಕೂತ್ರೆ ಏನಾಯ್ತು? ನಾಯಿ ಕೂರ್ಬೇಕು. ಶುರು ಮಾಡಿ ಪ್ರಾಂಪ್ಟರ್ರೇ."

ಪಿಸುಮಾಮ ಅಂಗಳದ ನಡುವೆ ನಿಂತರು. ಹೆಂಡತಿ ಅಂಚೆ ಕಚೇರಿಯಿಂದ ನೇರವಾಗಿ ಬಂದು, ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದರು. ಬೆಳಗಿನ ಕುಹಕ ಅವರ ಮುಖದಲ್ಲಿರಲಿಲ್ಲ. ಪಿಸುಮಾಮ ಹೊಟ್ಟೆಯ ತಳದಿಂದ ಪ್ರಯತ್ನಿಸಿದರು. ಸೈಕಲ್ ಟೈರಿನಿಂದ ಗಾಳಿ ಹೋದಂಥ ಸದ್ದು ಬಂತು. ಯಾರೋ ನಕ್ಕರು. ದೊರೆ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿತ್ತು.

"ಕೇಳಿಸ್ಲಿಲ್ಲ," ಎಂದರು ಮೇಷ್ಟ್ರು.

ಆಗ ಪಿಸುಮಾಮ ಕಣ್ಣು ಮುಚ್ಚಿದರು. ಕತ್ತಲಲ್ಲಿ ಪಕ್ಕದ ಪರದೆ ಕಂಡಿತು; ಅದರಾಚೆ ಬೆಳಕಿನಲ್ಲಿ ಮಾತು ಮರೆತು ನಿಂತ ಯಾರೋ ಒಬ್ಬರು. ಎಷ್ಟು ಸಂಜೆಗಳಲ್ಲಿ ಅವರು ಅಂಥವರನ್ನು ದಡ ಸೇರಿಸಿಲ್ಲ. ಅಲ್ಲಿ ಅವರಿಗೆ ಎಂದೂ ಅಂಜಿಕೆಯಾಗಿರಲಿಲ್ಲ. ಮುಂದಿನ ಮಾತು ಯಾವುದೆಂದು ಲೋಕದಲ್ಲಿ ಅವರೊಬ್ಬರಿಗೇ ಗೊತ್ತಿರುತ್ತಿತ್ತು. ಅವರು ಸ್ವಲ್ಪ ಮುಂದಕ್ಕೆ ಬಾಗಿ, ಉಳಿದಿದ್ದ ಆ ಒಂದೇ ದನಿಯಲ್ಲಿ, ತಮ್ಮದೇ ದನಿಯಲ್ಲಿ, ಹೇಳಿದರು.

"ಕೂತ್ಕೋ."

ಅದು ಆಜ್ಞೆಯಲ್ಲ, ಬೇಡಿಕೆಯೂ ಅಲ್ಲ. ಮುಂದಿನ ಮಾತು, ಅಷ್ಟೇ. ಹಣ್ಣೆಲೆ ನೆಲ ಸೇರುವಷ್ಟು ಮೆತ್ತಗೆ, ಅಷ್ಟೇ ಖಚಿತವಾಗಿ ಅದು ಅಂಗಳಕ್ಕೆ ಬಿತ್ತು.

ದೊರೆಯ ಬಾಗಿದ ಕಿವಿ ನೆಟ್ಟಗಾಯಿತು. ಅದು ಹಲ್ಲಿಯನ್ನು ಬಿಟ್ಟು ಪಿಸುಮಾಮನನ್ನು ನೋಡಿತು. ಆಮೇಲೆ ಹಿಂಗಾಲು ಮಡಿಸಿ, ಬಾಲವನ್ನು ಅಂದವಾಗಿ ಸುತ್ತಿ, ಕೂತಿತು.

ದರ್ಜಿಯೂ ಕೂತ. ಮೇಲಂತಸ್ತಿನವರು ತಂದ ಕುರ್ಚಿಗಳಲ್ಲಿ ಒಟ್ಟಾಗಿ ಕೂತರು. ಹೆಂಡತಿ ಕೈಚೀಲ ತಬ್ಬಿಕೊಂಡು ಬಾವಿಕಟ್ಟೆಯ ಮೇಲೆ ಕೂತರು. ನಾದಿನಿಯೊಬ್ಬಳೇ, ನಗು ತಡೆಯಲಾರದೆ ಗೋಡೆ ಹಿಡಿದು ನಿಂತಿದ್ದಳು.

ಮೊದಲು ಚಪ್ಪಾಳೆ ತಟ್ಟಿದ್ದು ದರ್ಜಿ. ಆಮೇಲೆ ಎಲ್ಲರೂ. ಪಿಸುಮಾಮ ಕಣ್ಣು ತೆರೆದರು. ಚಪ್ಪಾಳೆ ಪರದೆಯಾಚೆಯಿಂದಲ್ಲ, ಎದುರಿನಿಂದ ಬರುತ್ತಿತ್ತು. ಇಂಥ ಸಂದರ್ಭದಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ನಟರು ಮಾಡುವಂತೆ ಬಾಗೋಣವೆಂದು ಮೆಟ್ಟಿಲ ಕಡೆ ತಿರುಗಿದರು. ಅಲ್ಲಿ ಮೇಷ್ಟ್ರು ಇರಲಿಲ್ಲ. ಅಂದರೆ, ಇದ್ದ ಎತ್ತರದಲ್ಲಿರಲಿಲ್ಲ. ಅವರು ಕೊನೆಯ ಮೆಟ್ಟಿಲ ಮೇಲೆ, ಎರಡು ಕೈಯನ್ನೂ ಮಂಡಿಯ ಮೇಲಿಟ್ಟು, ಶಾಲೆಯ ಮೊದಲ ದಿನದ ಹುಡುಗನಂತೆ ಕೂತಿದ್ದರು.

ಅದು ಅವರಿಗೂ ಆಗಲೇ ತಿಳಿದದ್ದು. ಚಪ್ಪಾಳೆ ತಾನಾಗಿ ನಿಂತಿತು. ಮೇಷ್ಟ್ರು ತಮ್ಮ ಮಂಡಿಗಳನ್ನು, ಬೇರೆ ಯಾರದೋ ಎಂಬಂತೆ, ನೋಡಿಕೊಂಡರು. ಎದ್ದರು. ಹಿಂಬದಿಯ ಧೂಳು ಕೊಡವಿಕೊಂಡರು.

"ನಾಯಿ ಪಾಸು," ಎಂದರು. "ಅದರ ಮೇಲೆ ನಂದೇನೂ ತಕರಾರಿಲ್ಲ. ಬೇಕಾದಷ್ಟು ದಿನ ಇರಲಿ."

"ತುಂಬಾ ಉಪಕಾರ ಮೇಷ್ಟ್ರೇ," ಪಿಸುಮಾಮ ಪಿಸುಗುಟ್ಟಿದರು.

"ನೀವು ಮಾತ್ರ ತಿಂಗಳೊಳಗೆ ಮನೆ ಖಾಲಿ ಮಾಡಿ."

"ಯಾಕೆ ಮೇಷ್ಟ್ರೇ? ದೊರೆ ಕೂತ್ಕೊಂಡ್ತಲ್ಲ," ಎಂದರು ಹೆಂಡತಿ, ಬಾವಿಕಟ್ಟೆಯಿಂದ.

"ಕೂತಿದ್ದೇ ತೊಂದರೆ ತಾಯಿ. ನಾಯಿ ಕೂತ್ರೆ ಸರಿ. ನಾನು ಕೂತೆ. ಇಡೀ ಶಾಲೇನ ಕೂರಿಸಿ ಏಳಿಸಿದವನು ನಾನು. ನನ್ನನ್ನ ಕೂರಿಸೋರು ನನ್ನ ಕಟ್ಟಡದಲ್ಲೇ ಬಾಡಿಗೆಗಿದ್ರೆ ನಾನು ಎಲ್ಲಿಗೆ ಹೋಗ್ಲಿ? ಒಂದೇ ಸೂರಿನಡಿ ಇಬ್ಬರು ಮುಂದಾಳು ಆಗಲ್ಲ."

ನಾದಿನಿ ಮುಂದೆ ಬಂದಳು. "ಮೇಷ್ಟ್ರೇ, ಮುಂದಾಳು ಗಿಂದಾಳು ಎಲ್ಲ ಬರೀ ಭ್ರಮೆ. ಭಾವ ಮೆತ್ತಗೆ ಮಾತಾಡಿದ್ರು, ನಾಯಿಗೆ ಸ್ಪಷ್ಟವಾಗಿ ಕೇಳಿಸ್ತು, ಅಷ್ಟೇ."

ಮೇಷ್ಟ್ರು ಅವಳನ್ನು ಕರುಣೆಯಿಂದ ನೋಡಿದರು.

"ನಿಮಗೆ ಗೊತ್ತಾಗಲ್ಲಮ್ಮ. ನೀವು ನಿಂತಿದ್ರಿ. ಕೂತವನಿಗೆ ಗೊತ್ತು."

ಅವರು ಮೆಟ್ಟಿಲು ಹತ್ತಿ ಹೋದರು. ಮಿಕ್ಕವರೂ ಕುರ್ಚಿಗಳನ್ನೆತ್ತಿಕೊಂಡು, ಪಿಸುಮಾಮನ ಪಕ್ಕದಿಂದ ಹಾಯುವಾಗ ಒಂದಿಷ್ಟು ಬಾಗಿ, ಕರಗಿದರು. ಹೆಂಡತಿ ಮತ್ತು ನಾದಿನಿ ಯಾವ ಬೀದಿಯಲ್ಲಿ ಮನೆ ಸಿಗಬಹುದೆಂದು ತಗ್ಗಿದ ದನಿಯಲ್ಲಿ ಲೆಕ್ಕ ಹಾಕುತ್ತ ಮೇಲೆ ಹೋದರು.

ಬೆಳಕು ಇಳಿಯುತ್ತಿತ್ತು. ಅಂಗಳದ ನಡುವೆ ದೊರೆ ಇನ್ನೂ ಕೂತೇ ಇತ್ತು. ಏಳು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳಲೆಂದು ಪಿಸುಮಾಮ ಬಾಯಿ ತೆರೆದರು. ಮೇಲಿನ ಕಿಟಕಿಯಲ್ಲಿ ಮೇಷ್ಟ್ರು ಆಗ ತಾನೇ ಆರಾಮ ಕುರ್ಚಿಗೆ ಒರಗುತ್ತಿರುವುದು ಕಂಡಿತು. ಪಿಸುಮಾಮ ಬಾಯಿ ಮುಚ್ಚಿಕೊಂಡು, ಸದ್ದಾಗದಂತೆ ಪಂಚೆ ಮಡಿಸಿ, ತಾವೂ ನಾಯಿಯ ಪಕ್ಕದಲ್ಲಿ ಕೂತುಬಿಟ್ಟರು.